ಅಟ್ಟ

ಲಗ್ನಪತ್ರಿಕೆಯ ಬೆನ್ನಿಗೆ ಬರೆದಿದ್ದೇನೆ ಪಟ್ಟಿ:
ಬೋರ್ಡಿಗೆ ಡಿಸ್ಕು ಸಿಕ್ಕಿಸಲು ಆರು ಕಿಂಡಿ,
ಸಾಧಾರಣ ಪ್ರೊಸೆಸರ್,
ಕರೆಂಟು ಹೋಗಿ ಬಂದರೂ ಬೆಚ್ಚದ ಒಂದು ಪವರ್ ಸಪ್ಲೈ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ತನ್ವೀರ್ ಕೇಳುತ್ತಾನೆ, ‘ಗ್ರಾಫಿಕ್ಸ್ ಕಾರ್ಡ್ ಬ್ಯಾಡ್ವಾ ಸಾ?
ಒಳಗೆ ಲೈಟು ಬರೋ ಕ್ಯಾಬಿನೆಟ್ಟಿದೆ, ನೀಲಿ, ಕೆಂಪು.’
ಬೇಡಪ್ಪ. ನನಗೆ ಬೇಕಿರುವುದು ಅಟ್ಟ.
ಇಪ್ಪತ್ತಾರು ವರ್ಷದ ಮದುವೆಗಳಿವೆ ನನ್ನ ಹತ್ತಿರ,
ಕ್ಯಾಸೆಟ್ಟಿನವು, ಸೀಡಿಯವು, ಬೂಷ್ಟು ಹಿಡಿದವು.

ಕೆಟ್ಟ ಡಿಸ್ಕೊಂದನ್ನು ಬಿಚ್ಚಿ ತೋರಿಸಿದ.
ಚಂದ್ರಿಕೆ!
ಹಣ್ಣಾದ ಹುಳು ಏರಿ ನೂಲು ಬಿಡುವ ಅದೇ ಸುತ್ತು,
ಆದರೆ ಕನ್ನಡಿಯಷ್ಟು ನುಣುಪು; ನನ್ನ ಮೂಗೇ ಕಂಡಿತು.

‘ನಾಲ್ಕು ಹಾಕಿ ಸಾ. ಒಂದು ಸತ್ರೂ
ಉಳಿದ ಮೂರು ಸೇರಿ ಹೇಳ್ತವೆ, ಅದ್ರಲ್ಲೇನಿತ್ತು ಅಂತ.’

ಅಲ್ಲಿಗೆ ಸುಮ್ಮನಾದೆ.
ಹೋದ ವರ್ಷ ಅಮರಾವತಿ ಬಂದು
ಸ್ಟುಡಿಯೋ ಬಾಗಿಲಲ್ಲೇ ನಿಂತು ಹೇಳಿದ್ದಳು:
‘ನನ್ ಮದ್ವೆ ಅಳಿಸ್ಬುಡಣ್ಣ. ಎಲ್ಲೂ ಇರಬಾರ್ದು.’
ಅಳಿಸಿದೆನೆಂದೆ.
ಅಳಿಸಿಲ್ಲ.

ಎರಡನೇ ಗಂಟೆಯ ಕೊನೆಗೆ, ಕ್ಯಾಮೆರಾ ಇದೆಯೆಂದು ಗೊತ್ತಿಲ್ಲದೆ
ಅವಳಪ್ಪ ಸಾರಿನ ಬಕೆಟ್ಟು ಕೆಳಗಿಟ್ಟು
ಒಂದು ಹಪ್ಪಳ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ.
ಹನ್ನೊಂದು ಸೆಕೆಂಡು.
ಆತ ಈಗ ಬೇರೆಲ್ಲೂ ಇಲ್ಲ.
ಅದಷ್ಟೇ ಕತ್ತರಿಸಿ ಕೊಡೋಣವೆಂದರೆ
ಹಿಂದೆ, ಕಂಬದ ಪಕ್ಕ, ವರನ ಪೇಟ.

ತನ್ವೀರ್ ಬಿಲ್ಲು ಬರೆಯುತ್ತಿದ್ದಾನೆ:
ಡಿಸ್ಕು, ಎಂಟು ಟೀಬಿ, ನಾಲ್ಕು.
‘ಬ್ಯಾಕಪ್ಪಿಗೆ ಇನ್ನೊಂದು ಹೊರಗಿಡೋಣ್ವಾ ಸಾ?’

ಲೆಕ್ಕ ಹಾಕಿದೆ. ನನ್ನ ಸುಳ್ಳಿಗೂ ಒಂದು ಪ್ರತಿ.
ಹಾಕಪ್ಪ, ಅಂದೆ.