ಎರಡನೇ ಭಾಗ

ಪಾಲಿಟೆಕ್ನಿಕ್ ಹಾಸ್ಟೆಲಿನ ಹದಿನೇಳನೇ ಖೋಲಿಯಲ್ಲಿ
ಯಂಕೋಬನ ಕಂಪ್ಯೂಟರಿಗೆ ಮುಚ್ಚಳ ಇರಲಿಲ್ಲ.
ಬಿಸಿಯಾಗಿ ನಿಂತುಬಿಟ್ಟೀತೆಂದು ಇದ್ದೊಂದು ಫ್ಯಾನು ಅದರ ಕಡೆ ತಿರುಗಿಸಿ
ಹನ್ನೊಂದು ಮಂದಿ ಬೆವೆಯುತ್ತ ಕೂತಿದ್ದೆವು.
ಶುಕ್ರವಾರ ಬಿಟ್ಟ ಸಿನಿಮಾ
ರವಿವಾರಕ್ಕೆ ನಮ್ಮಲ್ಲಿಗೆ ಬಂದಿತ್ತು, ಎರಡು ತುಂಡಾಗಿ,
ವಾರ್ಡನ್ನನ ಗೋಡೆಯ ಹಿಂದೆ ಎಳೆದ ನೀಲಿ ವೈರಿನೊಳಗೆ
ಇರುವೆ ಸಕ್ಕರೆ ಒಯ್ದ ಹಾಗೆ, ಖೋಲಿಯಿಂದ ಖೋಲಿಗೆ.

ಪರದೆ ವಾರೆ. ನಾಯಕಿಗೆ ಅರ್ಧವೇ ಹಣೆ.
ಯಾರದೋ ತಲೆ ಮೂಲೆಯಲ್ಲಿ, ಕೋಟೆಯ ಗುಡ್ಡದಂತೆ.
ಯಾರದೋ ಕೂಸು ಅತ್ತಿತು.
ನಾವು ನಗುವ ಮೊದಲೇ ಅಲ್ಲಿ ಯಾರೋ ನಕ್ಕು ಮುಗಿಸಿದ್ದರು.
ಇಪ್ಪತ್ತೆರಡನೇ ನಿಮಿಷಕ್ಕೆ
ಹಳದಿ ಬೆಳಕೊಂದು ಪರದೆಯ ಕೆಳಗೆ ಹರಿದಾಡಿತು:
"ಕಾಲ್ ತೆಗೀರಪಾ, ಹಾದಿ ಬಿಡ್ರಿ.
ಡಿ ಹನ್ನೆರಡು, ಹದಿಮೂರು... ಹಿಂಗ ಬರ್ರಿ ಯಕ್ಕಾ."

"ಯಾವನಲೇ ಅವಾ, ಹೀರೋನ ಡೈಲಾಗೇ ನುಂಗಿಬಿಟ್ಟ!"
ಹತ್ತು ಮಂದಿ ಬಿದ್ದು ಬಿದ್ದು ನಕ್ಕರು.

ಅವಾ ನಮ್ಮಪ್ಪ.
ತೀನ್ ಕಂದೀಲ್ ಹಿಂದಿನ ಟಾಕೀಸಿನ ಗೇಟ್‌ಕೀಪರ್ ಹುಸೇನಪ್ಪ.
ನಾನು ಹೇಳಲಿಲ್ಲ.
ಮಂಡಾಳ ಒಗ್ಗರಣಿಯ ಎಣ್ಣೆ ಕಾಗದ ಮುದ್ದೆ ಮಾಡಿ
ಕಿಟಕಿಯಾಚೆ ಎಸೆದು ಬಂದೆ.
ರಾತ್ರಿ ನಾನೇ ಆರು ಪೆನ್‌ಡ್ರೈವಿಗೆ ತುಂಬಿಸಿ ಕೊಟ್ಟೆ.

ಹತ್ತು ದಿನಕ್ಕೆ ಬೆಂಗಳೂರಿಂದ ಜೀಪು.
ಕಂಪನಿಯವ ಲ್ಯಾಪ್‌ಟಾಪ್ ತೆರೆದು
ನಾಯಕನ ಗಲ್ಲದ ಮೇಲೆ ನಾಲ್ಕು ಚುಕ್ಕಿ ತೋರಿಸಿದನಂತೆ.
ಮಚ್ಚೆಯಲ್ಲ, ಗುರುತು. ಟಾಕೀಸಿಗೊಂದು ನಮೂನೆ.
"ನಿಮ್ಮದೇ ಇದು, ಶುಕ್ರವಾರದ ಮ್ಯಾಟಿನಿ.
ಬ್ಯಾಟರಿ ಹಿಡಿದು ತಿರುಗಾಡಿದವ ನೀನೇ ತಾನೆ?
ಅಷ್ಟು ದೊಡ್ಡ ಕ್ಯಾಮೆರಾ ಕಾಣಲಿಲ್ಲವಾ?"

"ನಾ ಕಾಲು ನೋಡ್ತೀನ್ರಿ ಸಾಹೇಬ್ರ.
ಕೈ ನೋಡಂಗಿಲ್ಲ."

ಮಾಲೀಕ ಎರಡು ತಿಂಗಳ ಪಗಾರ ಹಿಡಿದ.
ಯಾರನ್ನಾದರೂ ತೋರಿಸಬೇಕಿತ್ತು ಅವನಿಗೂ.
ಬೀಡಿ ಸೇದಬೇಡಿ ಅನ್ನುವ ಸ್ಲೈಡಿನ ಬೆನ್ನಿಗೆ
ಜೈಲಿನ ಸ್ಲೈಡೊಂದು ಬಂತು.
ಗೇಟಿನಲ್ಲಿ ಅಪ್ಪ ಎಲ್ಲರ ಕಿಸೆ ತಡವುವ ಹಾಗಾಯಿತು,
ಹಾಸ್ಟೆಲ್ ಹುಡುಗರದ್ದು ಎರಡೆರಡು ಸಲ.
ನನ್ನ ಕಿಸೆಯ ಮೇಲೂ ಕೈ ಆಡಿ
ಪೆನ್‌ಡ್ರೈವಿನ ಮೇಲೆ ನಿಂತಿತು.
"ಕೀಲಿಯೇನಪಾ?"
ಹೂಂ ಅಂದೆ.

ಟಾಕೀಸು ಈಗ ಟೈಲ್ಸಿನ ಗೋದಾಮು.
ಗಂಟಲಿನ ಬೇನೆ; ಮೊದಲು ದನಿ ಹೋಯಿತು,
ಆಮೇಲೆ ಅಪ್ಪ.

ಮೊನ್ನೆ ಅದೇ ಸಿನಿಮಾ ಫೋನಿನಲ್ಲಿ,
ತೊಂಬತ್ತೊಂಬತ್ತು ರೂಪಾಯಿ ಕಟ್ಟಿ ನೋಡಿದೆ.
ನಾಯಕಿಗೆ ಪೂರ್ತಿ ಹಣೆಯಿದೆ.
ಇಪ್ಪತ್ತೆರಡನೇ ನಿಮಿಷಕ್ಕೆ ಹೀರೋ ತನ್ನ ಮಾತು ಪೂರ್ತಿ ಆಡುತ್ತಾನೆ.
ಅಂಥಾ ಮಾತೇನಲ್ಲ.

ಆ ಕೆಟ್ಟ ಕಾಪಿಗಾಗಿ ಹುಡುಕಿದೆ.
ಹೋದಲ್ಲೆಲ್ಲ ಒಂದೇ ಬೀಗ: ನ್ಯಾಯಾಲಯದ ಆದೇಶದಂತೆ.
ಸರಿಯೇ ಅದು. ಪಗಾರ ಕಳಕೊಂಡವನ ಮಗ,
ಸರಿಯಲ್ಲ ಅಂತ ಯಾವ ಬಾಯಿಂದ ಹೇಳಲಿ.
ಆದರೂ ಹುಡುಕಿದೆ.

ಶಕ್ತಿನಗರದಿಂದ ಯಂಕೋಬ ಫೋನ್ ಮಾಡಿದ.
ಟ್ರಂಕಿನ ತಳದಲ್ಲಿ ಒಂದು ಸೀಡಿ ಸಿಕ್ಕಿತ್ತಂತೆ.
"ಒಂದನೇದು ಇಲ್ಲಪಾ. ಎರಡನೇ ಭಾಗ ಅದ. ನಡೀತದೇನು?"

ಇಂಟರ್‌ವಲ್ ಆದಮೇಲೆ ಯಾರೂ ತಡವಾಗಿ ಬರುವುದಿಲ್ಲ.
ಬ್ಯಾಟರಿಗೆ ಕೆಲಸವಿಲ್ಲ.
ಅಪ್ಪ ಆ ಹೊತ್ತು ಹೊರಗೆ ಮೆಟ್ಟಿಲ ಮೇಲೆ ಕೂತು ಚಾ ಕುಡಿಯುತ್ತಿದ್ದ.
ಗೊತ್ತಿತ್ತು. ಗೊತ್ತಿದ್ದೂ ಕೂತು ನೋಡಿದೆ,
ಹಾಡು, ಕೊಲೆ, ಕೋರ್ಟು, ಇನ್ನೊಂದು ಹಾಡು.

ಮುಗಿಯಲು ಎರಡು ನಿಮಿಷವಿದ್ದಾಗ
ಪರದೆಯ ಎಡಗಡೆ ಒಮ್ಮೆಲೆ ಬೆಳ್ಳಗಾಯಿತು.
ಅಪ್ಪ ಬಾಗಿಲು ತೆರೆಯುವ ಹೊತ್ತು.
ನಾಯಕ, ನಾಯಕಿ, ಅವರ ಹಿಂದಿನ ಸಮುದ್ರ
ರಾಯಚೂರಿನ ಐದೂವರೆಯ ಬಿಸಿಲಿನಲ್ಲಿ ಕರಗತೊಡಗಿದರು.
ಚಿಲಕದ ಸದ್ದು. ಒಂದು.
ಸ್ವಲ್ಪ ಹೊತ್ತಿಗೆ ಇನ್ನೊಂದು.
ಮೂರನೇ ಬಾಗಿಲು ತುಕ್ಕು ಹಿಡಿದದ್ದು,
ಒದೆಯದೆ ತೆರೆಯುತ್ತಿರಲಿಲ್ಲ.

ಕಾದೆ.

ಒದ್ದ.