ಮುನ್ನೂರ ಎಂಬತ್ತು

ಫುಜೈರಾದ ಈ ಟೈಪಿಂಗ್ ಸೆಂಟರಿನಲ್ಲಿ
ಬೆಳಗಿನ ಏಳೂವರೆಗೆ ಎಸಿ ಇನ್ನೂ ಕೆಮ್ಮುತ್ತಿರುತ್ತದೆ.
ಸೆವ್ರಿನ್ ಬಾಯಮ್ಮ ಪಾಸ್‌ಪೋರ್ಟನ್ನು
ಬ್ರೆಡ್ಡಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದಾರೆ.
ಔಟ್‌ಪಾಸಿಗೆ ದಿನಕ್ಕೆ ಹನ್ನೆರಡೇ ಸ್ಲಾಟು, ಎಂಟಕ್ಕೆ ತೆರೆಯುತ್ತದೆ,
ಎಂಟು ದಾಟಿ ಎರಡು ಸೆಕೆಂಡಿಗೆ ಒಂದೂ ಇರುವುದಿಲ್ಲ.

ಮೊದಲ ದಿನ ಗೋಡೆ ಗಡಿಯಾರವನ್ನು ನಂಬಿ ಕೆಟ್ಟೆ,
ಆಮೇಲೆ ವೈಫೈಯನ್ನು.
ನಿನ್ನೆ ಎಲ್ಲ ಸರಿಯಿತ್ತು, ಬೆರಳು ನಡುಗಿತು.

ರಾತ್ರಿ ಕೂತು ಆ ಕಡೆಯ ಗಡಿಯಾರವನ್ನು ಅಳೆದೆ.
ಅದು ಬರೀ ಸೆಕೆಂಡು ಹೇಳುತ್ತದೆ, ಚಿಲ್ಲರೆ ಕೊಡುವುದಿಲ್ಲ.
ಕೇಳಿದೆ, ಕೇಳಿದೆ, ಮತ್ತೆ ಕೇಳಿದೆ,
ಒಂದು ಸೆಕೆಂಡು ಇನ್ನೊಂದಾಗುವ ಅಂಚು
ಉಗುರಿಗೆ ಸಿಗುವವರೆಗೆ.
ನನ್ನದಕ್ಕಿಂತ ಮುನ್ನೂರ ನಲವತ್ತು ಮಿಲಿಸೆಕೆಂಡು ಮುಂದಿದೆ.
ದಾರಿಗೆ ಅರವತ್ತು. ಹಾಗಾದರೆ ನಾನೂರು.
ಅದರಲ್ಲಿ ಇಪ್ಪತ್ತು ಬಿಟ್ಟುಕೊಡಬೇಕು: ಬೇಗ ಹೋದವನ
ಮುಖಕ್ಕೇ ಬಾಗಿಲು ಬಡಿಯುತ್ತದೆ.
ಬೆರಳಿಗಿನ್ನು ಕೆಲಸವಿಲ್ಲ, ನಾಲ್ಕು ಸಾಲಿನ ಪ್ರೋಗ್ರಾಮು ಒತ್ತುತ್ತದೆ.

"ಯಾವ ದಾರಿ?" ಬಾಯಮ್ಮ ಕೇಳಿದರು.
ಇಲ್ಲೇ, ಕಡಲಿಗಿಳಿಯುವ ತಂತಿ, ಒಳಗೆ ಕೂದಲೆಳೆಯಷ್ಟು ಗಾಜು.
ತೈಲದ ಹಡಗುಗಳು ಲಂಗರು ಹಾಕಿ ತೂಕಡಿಸುವುದರ ಕೆಳಗಿಂದ
ಫ್ರಾಂಕ್‌ಫರ್ಟಿನವರೆಗೆ.
"ಅಷ್ಟು ದೂರ ಹೋಗಿ ಮೊದಲು ಯಾರು ಏನು ಅಂತ ಹೇಳಬೇಕಲ್ಲ?"
ಅದೇ ತೊಂದರೆ. ವಿಳಾಸ ಹುಡುಕು, ಕದ ತಟ್ಟು, ಗುರುತು ತೋರಿಸು,
ಕೆಲಸಕ್ಕೆ ಮೊದಲೇ ಮೂರು ಸಲ ಹೋಗಿ ಬಾ.
ಅದನ್ನೆಲ್ಲ ಎಂಟಕ್ಕೆ ಮುಂಚೆ ಮುಗಿಸಿ
ಸಂಪರ್ಕ ಕಡಿಯದಂತೆ ಹಿಡಿದಿರಬೇಕು.

ಹದಿನಾಲ್ಕು ವರ್ಷ ಒಂದೇ ವಿಲ್ಲಾದ ಅಡಿಗೆಮನೆ ಕಂಡವರು
ತಲೆಯಾಡಿಸಿದರು.
"ಎಣ್ಣೆ ಕಾದಿರಬೇಕು, ಸಾಸಿವೆ ಕೈಯಲ್ಲಿರಬೇಕು.
ಸಾರು ಇಳಿಸಿದ ಮೇಲೆ ಒಗ್ಗರಣೆಗೆ ಒಲೆ ಹಚ್ಚುವವಳು
ಎಂಥ ಅಡಿಗೆಯವಳು?"

ಏಳು ಐವತ್ತೊಂಬತ್ತು.
ಕುಂಞಹಮ್ಮದನ ಮೊಬೈಲು ಕಸಿದು ವೀಡಿಯೊ ನಿಲ್ಲಿಸಿದೆ.
ಕೇಬಲನ್ನು ಇನ್ನೊಮ್ಮೆ ಒತ್ತಿದೆ, ಕ್ಲಿಕ್ಕೆಂದಿತು.
ಹೊರಗೆ ನೀರಿನ ಟ್ಯಾಂಕರು ಹಿಂದೆ ಸರಿಯುತ್ತ ಕೀಂ ಕೀಂ ಎನ್ನುತ್ತಿತ್ತು.
ಪರದೆ ಮಿಣುಕಿತು, ಅಷ್ಟೆ.
ಹಸಿರು ಪಟ್ಟಿ. ಗುರುವಾರ, ಹತ್ತೂಕಾಲು, ಕೌಂಟರ್ ಆರು.
ರಸೀದಿಯಲ್ಲಿ ಈಗ ಚಿಲ್ಲರೆಯೂ ಇತ್ತು:
ಎಂಟು ದಾಟಿ ಹದಿನೆಂಟು ಮಿಲಿಸೆಕೆಂಡು.

"ಸಿಕ್ಕಿತು ಬಾಯಮ್ಮ," ಎಂದೆ.

ಅವರು ಏನೂ ಅನ್ನಲಿಲ್ಲ.
ಯಾವಾಗಲೂ ಹಾಗೆಯೇ, ಎದುರಿಗೆ ಕೂತವರಿಗೂ
ಸ್ವಲ್ಪ ತಡೆದೇ ಉತ್ತರ.
ಹದಿನಾಲ್ಕು ವರ್ಷ ಫೋನಿನಲ್ಲೇ ಮಾತಾಡಿದ ರೂಢಿ,
ಆಚೆಯ ದನಿ ಪೂರ್ತಿ ಬಂದು ಮುಟ್ಟಲಿ
ತನ್ನದು ಅದರ ಮೇಲೆ ಬೀಳದಿರಲಿ ಎಂದು
ಬಿಟ್ಟುಕೊಟ್ಟ ಜಾಗ.
ಇದನ್ನು ಕಡಿಮೆ ಮಾಡುವ ಉಪಾಯ ನನಗೆ ಗೊತ್ತಿಲ್ಲ.
ಅಳೆಯಲೂ ಹೋಗಲಿಲ್ಲ.
ಕಾದೆ.

"ಗುರುವಾರವಾ?" ಎಂದರು,
ಬ್ರೆಡ್ಡಿನ ಪ್ಲಾಸ್ಟಿಕ್ಕನ್ನು ಮತ್ತೆ ಮಡಚುತ್ತ.