ಸಪ್ಪಳ

ರಬ್ಬರಿನ ಹಳೇದು ಮೂಕ ಇತ್ತು.
ಒತ್ತಕ್ಷರದ ಎಫ್ ಕೀಲಿ ಹಗಲೆಲ್ಲ ಅಫಿಡವಿಟ್ ಬಡಿದು ಸವೆದಿತ್ತು,
ಡಬ್ಲ್ಯೂ, ಎ, ಎಸ್, ಡಿ ರಾತ್ರಿ ಓಡಿ ಓಡಿ.

ಹೊಸಾದು ಬಂತು. ನೀಲಿ ಸ್ವಿಚ್ಚು.
ಬೆಳಗಾವಿ ಕೋರ್ಟಿನೆದುರು ನಮ್ಮ ಖೋಲಿ ತುಂಬ
ಖಟ್ ಖಟಾ ಖಟ್,
ಹಂಚಿನ ಮ್ಯಾಲೆ ಜ್ವಾಳದ ಅರಳು ಸಿಡಿದಂಗ.

ಮೂಲ್ಯಾಗ ಕುಂತ ಹುದ್ದಾರ ಕಾಕಾ,
ಟೈಪ್‌ರೈಟರ್ ಮಾರಿ ಹನ್ನೊಂದು ವರ್ಷ,
ಕಣ್ಣು ತೆರೀದೇ ಅಂದ್ರು:
"ತಮ್ಮಾ, ಸ್ಪೇಸ್ ಎರಡು ಸಲ ಬಿತ್ತು ನೋಡು."

ಬಿದ್ದಿತ್ತು.

ರಾತ್ರಿ ಮನ್ಯಾಗ ಗೇಮ್ ಹಚ್ಚಿದೆ.
ಓಡೂದು, ಅಡಗೂದು, ಗುಂಡು.
ಗೋಡೆಯಾಚೆಯಿಂದ ಸಾವಕ್ಕ:
"ಇಷ್ಟೊತ್ತಿನ್ಯಾಗ ಯಾರ ಅರ್ಜಿ ಅದು?"

ನಂದೇ, ಅಂದೆ.
ಆಗಲೇ ಸತ್ತಿದ್ದೆ;
ಎಂಟರ್ ಒತ್ತಿ ಮತ್ತ ಹುಟ್ಟಿದೆ,
ಖಟ್.